ತುಂಬಿದಷ್ಟೂ ತಳ ಇಳಿಯುವ ಹಂಡೆ

ಕತಗಾಲದಲ್ಲಿ ಮಳೆ ಹಿಡಿಯಿತೆಂದರೆ ಚಂಡಿಕಾ ಹೊಳೆ ಉಕ್ಕಿ ಕುಮಟಾ–ಶಿರಸಿ ರಸ್ತೆ ಬಂದಾಗುವ ಚಿಂತೆ ಒಂದು ಕಡೆ, ಕರೆಂಟಿನ ಚಿಂತೆ ಇನ್ನೊಂದು ಕಡೆ. ಅಂಥದೊಂದು ರಾತ್ರಿ, ನಾನೇ ಜೋಡಿಸಿದ ಪುಟ್ಟ ಇನ್‌ವರ್ಟರಿನ ಸ್ವಿಚ್ಚು, ಅಂದರೆ ಮಾಸ್‌ಫೆಟ್, ಸುಟ್ಟಿತು. ಹೊಸದು ಹಾಕಿದೆ, ಅದೂ ಸುಟ್ಟಿತು. ತಪ್ಪು ಸಿಕ್ಕಿದ್ದು ಬೆಳಿಗ್ಗೆ: ಅದನ್ನು ನಿಯಂತ್ರಿಸುವ ಗೇಟಿಗೆ ಕೆಂಪು-ಕೆಂಪು-ಕಪ್ಪು, ಅಂದರೆ 22 ಓಮ್ ರೆಸಿಸ್ಟರ್ ಹಾಕುವಲ್ಲಿ ಮೂರೂ ಪಟ್ಟಿ ಕೆಂಪಾದ 2.2 ಕಿಲೋಓಮ್‌ನದನ್ನು ಬೆಸೆದಿದ್ದೆ. ಚಿಮಣಿ ದೀಪದ ಬೆಳಕು, ನನ್ನ ಕಣ್ಣು, ಎರಡೂ ಮಂದ.

ಗೇಟಿನೊಳಕ್ಕೆ ಕರೆಂಟು ಹರಿಯುವುದೇ ಇಲ್ಲ, ರೆಸಿಸ್ಟರ್ ಎಷ್ಟಿದ್ದರೇನು ಎಂದು ಕೇಳಬಹುದು. ಉತ್ತರ, ಗೇಟಿಗೂ ಡ್ರೈನಿಗೂ ನಡುವೆ ತಾನಾಗಿಯೇ ಇರುವ ಸಣ್ಣ ಕೆಪಾಸಿಟರಿನಲ್ಲಿದೆ. ಬಚ್ಚಲ ಹಂಡೆಗೆ ನೀರು ಹೊಯ್ಯುತ್ತಿದ್ದೀರಿ, ನೀರು ಒಂದು ಬೆರಳು ಏರಿದರೆ ಹಂಡೆಯ ತಳ ನೂರು ಬೆರಳು ಕೆಳಗಿಳಿಯುತ್ತದೆ ಎಂದುಕೊಳ್ಳಿ. ಎಷ್ಟು ಕೊಡ ಹೊತ್ತರೆ ತುಂಬೀತು? ನೂರು ಪಟ್ಟು ವರ್ಧಿಸಿ ತಿರುವುಮುರುವು ಮಾಡುವ ಟ್ರಾನ್ಸಿಸ್ಟರಿನಲ್ಲಿ ಆಗುವುದು ಇದೇ. ಅಲ್ಲಿ ಗೇಟಿನ ಜಾಗದಲ್ಲಿರುವ ಬೇಸ್ ಒಂದು ಮಿಲಿವೋಲ್ಟ್ ಏರಿದರೆ, ಡ್ರೈನಿನ ಜಾಗದಲ್ಲಿರುವ ಕಲೆಕ್ಟರ್ ನೂರು ಇಳಿಯುತ್ತದೆ. ನಡುವಿನ ಕೆಪಾಸಿಟರಿಗೆ 101 ಮಿಲಿವೋಲ್ಟಿನ ಚಾರ್ಜು ತುಂಬಬೇಕು. ನಿಜಕ್ಕೂ ಇರುವುದು 4 ಪಿಕೋಫ್ಯಾರಡ್, ಇನ್‌ಪುಟ್‌ಗೆ ಕಾಣುವುದು 404.

ಅಮೆರಿಕದ ಜಾನ್ ಮಿಲ್ಟನ್ ಮಿಲ್ಲರ್ ಇದನ್ನು ವಾಲ್ವ್‌ಗಳಲ್ಲಿ ಗುರುತಿಸಿ 1920ರಲ್ಲಿ ಬರೆದ. ಟ್ರಾನ್ಸಿಸ್ಟರ್ ಹುಟ್ಟುವುದಕ್ಕೆ ಇನ್ನೂ 27 ವರ್ಷ ಇತ್ತು. ಹೆಸರು ಮಾತ್ರ ಹಾಗೇ ಉಳಿದಿದೆ: ಮಿಲ್ಲರ್ ಪರಿಣಾಮ.

ರೇಡಿಯೊಕ್ಕೆ ಇದರಿಂದೇನು? 1 ಕಿಲೋಓಮ್ ಮೂಲದಿಂದ ಬರುವ ಸಿಗ್ನಲ್‌ಗೆ ಬರೀ 4 ಪಿಕೋಫ್ಯಾರಡ್ ಎದುರಾದರೆ ಮಿತಿ ಸುಮಾರು 40 ಮೆಗಾಹರ್ಟ್ಸ್. 404 ಎದುರಾದರೆ 400 ಕಿಲೋಹರ್ಟ್ಸ್ ದಾಟುವ ಮೊದಲೇ ಸಿಗ್ನಲ್ ಸೊರಗತೊಡಗುತ್ತದೆ. ನಮ್ಮ ಧಾರವಾಡ ಆಕಾಶವಾಣಿ ಇರುವುದು 765ರಲ್ಲಿ! ಬೆಂಗಳೂರಿನ ಬಿಇಎಲ್ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸತೊಡಗಿದ್ದು 1962ರಲ್ಲಿ. ಆ ಕಾಲದ ಓಸಿ45ರಂಥವುಗಳಲ್ಲಿ ಈ ಕೆಪಾಸಿಟನ್ಸ್ 10 ಪಿಕೋಫ್ಯಾರಡ್‌ನಷ್ಟಿತ್ತು. ಔಟ್‌ಪುಟ್ ಹಿಂದಕ್ಕೆ ಸೋರಿ ಸೆಟ್ಟು ಸಿಳ್ಳೆ ಹಾಕುತ್ತಿತ್ತು. ಅದನ್ನು ಅಡಗಿಸಲು ವಿರುದ್ಧ ಫೇಸಿನ ಇನ್ನೊಂದು ಕೆಪಾಸಿಟರ್ ಜೋಡಿಸುತ್ತಿದ್ದರು. ಮುಂದೆ ಬಂದ ಸಿಲಿಕಾನ್ ಬಿಎಫ್194ರಲ್ಲಿ ಅದು 1ರ ಆಸುಪಾಸಿಗೆ ಇಳಿಯಿತು. ಕ್ಯಾಸ್ಕೋಡ್ ಎಂಬ ಉಪಾಯವೂ ಇದೆ: ಮೇಲೆ ಎರಡನೇ ಟ್ರಾನ್ಸಿಸ್ಟರ್ ಕೂರಿಸಿದರೆ ಕೆಳಗಿನದರ ಕಲೆಕ್ಟರ್ ಅಲುಗುವುದೇ ಕಡಿಮೆ, ಔಟ್‌ಪುಟ್ ಹಿಂದಕ್ಕೆ ಸೋರುವುದೂ ಕಡಿಮೆ. ಅಘನಾಶಿನಿ ದಂಡೆಯ ಗಜನಿ ಗದ್ದೆಯ ಬಾಗಿಲು ನೋಡಿದವರಿಗೆ ಇದು ಹೊಸದಲ್ಲ. ಒಳಗಿನ ನೀರು ಇಳಿತದಲ್ಲಿ ಹೊರಹೋಗಬೇಕು, ಭರತದ ಉಪ್ಪುನೀರು ಒಳಬರಬಾರದು.

ಸೋರಿಕೆಯನ್ನೇ ಬೇಕೆಂದು ತಂದವರೂ ಇದ್ದಾರೆ. 1968ರ 741 ಎಂಬ ವರ್ಧಕ ಐಸಿಯ ಒಳಗೆ, ವರ್ಧಿಸುವ ಹಂತದ ಔಟ್‌ಪುಟ್‌ಗೂ ಇನ್‌ಪುಟ್‌ಗೂ ನಡುವೆ 30 ಪಿಕೋಫ್ಯಾರಡ್ ಕೆಪಾಸಿಟರನ್ನು ಉದ್ದೇಶಪೂರ್ವಕವಾಗಿ ಕೂರಿಸಿ, ವೇಗ ಬಿಟ್ಟುಕೊಟ್ಟು ಸ್ಥಿರತೆ ಗಳಿಸಿದರು. ನನಗೆ ಬಹಳ ಹಿಡಿಸಿದ ಜಾಣತನ.

ನನ್ನ ಇನ್‌ವರ್ಟರಿಗೆ ಮರಳುತ್ತೇನೆ. ಅದರಲ್ಲಿದ್ದ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್‌ನಲ್ಲಿ ಗೇಟ್–ಡ್ರೈನ್ ಚಾರ್ಜು ಹೆಚ್ಚೆಂದರೆ 23 ನ್ಯಾನೊಕೂಲಂ. ಅದು ತುಂಬುವ ತನಕ ಗೇಟಿನ ವೋಲ್ಟೇಜು ಸುಮಾರು 5ರಲ್ಲೇ ತಟಸ್ಥ. ಆಸಿಲೋಸ್ಕೋಪಿನಲ್ಲಿ ಪುಟ್ಟ ಬಯಲಿನಂತೆ ಕಾಣುತ್ತದೆ. 12 ವೋಲ್ಟಿನ ಡ್ರೈವಿನಲ್ಲಿ, 22 ಓಮ್ ಇದ್ದರೆ ಆ ಬಯಲು ದಾಟಲು 72 ನ್ಯಾನೊಸೆಕೆಂಡು, ನಾನು ಹಾಕಿದ್ದಕ್ಕೆ 7 ಮೈಕ್ರೋಸೆಕೆಂಡು. ಆಫ್ ಆಗುವಾಗ ಇನ್ನೂ ಹತ್ತು. 20 ಕಿಲೋಹರ್ಟ್ಸಿನಲ್ಲಿ ಒಂದು ಸುತ್ತಿಗೆ ಸಿಗುವುದೇ 50. ಅಂದರೆ ಮೂರನೇ ಒಂದು ಪಾಲು ಹೊತ್ತು ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ, ವೋಲ್ಟೇಜನ್ನೂ ಕರೆಂಟನ್ನೂ ಒಟ್ಟಿಗೆ ಹೊತ್ತು ನಿಂತಿತ್ತು ಪಾಪದ್ದು.

ಹಾಗೆಂದು ರೆಸಿಸ್ಟರನ್ನೇ ಕಿತ್ತುಹಾಕಬೇಡಿ, ವಿಪರೀತ ವೇಗದಲ್ಲಿ ಗೇಟು ನಡುಗಿ ಪಕ್ಕದ ರೇಡಿಯೊದಲ್ಲಿ ಗರಗರ ಶುರುವಾಗುತ್ತದೆ. ಹಳೇ ಇನ್‌ವರ್ಟರ್ ಬಿಚ್ಚಿ ಕೂತಿದ್ದರೆ, ಮಾಸ್‌ಫೆಟ್ ತರಲು ಕುಮಟೆಗೆ ಹೊರಡುವ ಮೊದಲು ಗೇಟಿನ ರೆಸಿಸ್ಟರಿನ ಮೂರನೇ ಪಟ್ಟಿಯನ್ನು ಹಗಲು ಬೆಳಕಿನಲ್ಲೊಮ್ಮೆ ನೋಡಿ.