ಏಳಲೊಲ್ಲದ ಗಣಕಯಂತ್ರ

ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿಗಳಿಗೆ ಗಣಕಯಂತ್ರವು ಈಗ ಅಪರಿಚಿತ ವಸ್ತುವಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿಯೇ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಈ ಯಂತ್ರಗಳು ಬಂದವು. ಆದುದರಿಂದ ಇಂದು ನಮ್ಮ ಮುಂದಿರುವ ಪ್ರಶ್ನೆ ಬೇರೆ: ಗುಂಡಿಯನ್ನು ಒತ್ತಿದರೂ ಏಳದ ಹಳೆಯ ಯಂತ್ರವನ್ನು ಏನು ಮಾಡಬೇಕು? ಸತ್ತಿತೆಂದು ಮೂಲೆಗೆ ಸರಿಸುವುದು ಸುಲಭ. ಆದರೆ ಇಡೀ ಯಂತ್ರವು ಒಮ್ಮೆಗೇ ಸಾಯುವುದು ಅಪರೂಪ. ಕೆಟ್ಟಿರುವುದು ಸಾಮಾನ್ಯವಾಗಿ ಯಾವುದೋ ಒಂದು ಭಾಗ ಮಾತ್ರ.

ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಕೊನೆಯ ಹೊಲವನ್ನು ಮುಟ್ಟದಿದ್ದರೆ ರೈತನು ಹೊಲವನ್ನು ಅಗೆಯುತ್ತ ಕೂಡುವುದಿಲ್ಲ. ತೂಬಿನಿಂದ ಹೊರಟು ಕಾಲುವೆಯ ಗುಂಟ ನಡೆಯುತ್ತಾನೆ. ನೀರು ಎಲ್ಲಿಯವರೆಗೆ ಹರಿದಿದೆಯೋ ಅಲ್ಲಿಯವರೆಗೆ ದೋಷವಿಲ್ಲ. ಎಲ್ಲಿ ನಿಂತಿದೆಯೋ ಅಲ್ಲಿಯೇ ದೋಷ. ಗಣಕಯಂತ್ರದ ಪರೀಕ್ಷೆಗೂ ಇದೇ ನ್ಯಾಯ ಸಲ್ಲುತ್ತದೆ. ಅದಕ್ಕೆ ಮೊದಲು ಯಂತ್ರವು ಎಚ್ಚರಗೊಳ್ಳುವ ಕ್ರಮವನ್ನು ತಿಳಿದಿರಬೇಕು.

ಎಚ್ಚರಗೊಳ್ಳುವ ಕ್ರಮ

ಗೋಡೆಯಿಂದ ಬರುವ ೨೩೦ ವೋಲ್ಟುಗಳ ಪರ್ಯಾಯ ವಿದ್ಯುತ್ತು ಮೊದಲು ಅಂಗಡಿಯವರು ಎಸ್‌ಎಂಪಿಎಸ್ ಎಂದು ಕರೆಯುವ ಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿ ಅದು ೧೨, ೫ ಮತ್ತು ೩.೩ ವೋಲ್ಟುಗಳ ನೇರ ವಿದ್ಯುತ್ತಾಗಿ ಮಾರ್ಪಡುತ್ತದೆ. ಈ ಒತ್ತಡಗಳು ಸ್ಥಿರವಾದ ಮೇಲೆ, ಅರ್ಧ ಸೆಕೆಂಡಿನೊಳಗಾಗಿ, ‘ಎಲ್ಲವೂ ಸರಿ’ ಎಂಬ ಸಂಕೇತವು ಮದರ್‌ಬೋರ್ಡ್ ಎಂಬ ಮುಖ್ಯ ಫಲಕಕ್ಕೆ ಹೋಗುತ್ತದೆ. ಆಗಲೇ ಪ್ರೊಸೆಸರ್ ಕೆಲಸವನ್ನು ಆರಂಭಿಸುವುದು.

ಇಲ್ಲೊಂದು ಸೋಜಿಗವುಂಟು. ಡಿಸ್ಕಿನಲ್ಲಿರುವುದನ್ನು ಓದಲು ಆದೇಶಗಳು ಬೇಕು. ಆ ಆದೇಶಗಳೇ ಡಿಸ್ಕಿನಲ್ಲಿದ್ದರೆ ಓದುವುದು ಹೇಗೆ? ಈ ತೊಡಕನ್ನು ಬಿಡಿಸಲು ಬಯೋಸ್ ಎಂಬ ಚಿಕ್ಕ ಆದೇಶಮಾಲೆಯನ್ನು ಫಲಕದ ಮೇಲಿನ ಚಿಪ್ಪೊಂದರಲ್ಲಿ ಅಳಿಯದಂತೆ ಬರೆದಿರುತ್ತಾರೆ. ಅದು ನೆನಪಿನ ಪಟ್ಟಿಗಳಾದ ರ‍್ಯಾಮ್‌ಗಳನ್ನೂ ಇತರ ಭಾಗಗಳನ್ನೂ ಪರೀಕ್ಷಿಸಿ, ಹಳೆಯ ಯಂತ್ರಗಳಲ್ಲಿ ಡಿಸ್ಕಿನ ಮೊದಲ ೫೧೨ ಬೈಟುಗಳನ್ನು ಓದುತ್ತದೆ. ಅಲ್ಲಿಂದ ಮುಂದಿನ ಹೊಣೆ ವಿಂಡೋಸ್ ಅಥವಾ ಲಿನಕ್ಸ್‌ನಂತಹ ದೊಡ್ಡ ವ್ಯವಸ್ಥೆಗೆ ಸೇರುತ್ತದೆ.

ನೀರು ನಿಂತದ್ದು ಎಲ್ಲಿ?

ದೀಪವೂ ಇಲ್ಲ, ಫ್ಯಾನೂ ತಿರುಗುವುದಿಲ್ಲ ಎಂದರೆ ದೋಷವು ಬಹುತೇಕ ಮೊದಲ ಹಂತದಲ್ಲಿದೆ. ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಹಚ್ಚಿ ನೋಡಬೇಕು. ಬಳಿಕ ವೈರನ್ನು ಬದಲಿಸಬೇಕು. ಪೆಟ್ಟಿಗೆಯ ಹಿಂಬದಿಯ ಸ್ವಿಚ್ಚನ್ನು ಮರೆಯಬಾರದು. ಇಷ್ಟಾದ ಮೇಲೆಯೇ ಪೆಟ್ಟಿಗೆಯನ್ನು ಸಂಶಯಿಸುವುದು ನ್ಯಾಯ.

ಫ್ಯಾನು ತಿರುಗಿ, ಪರದೆ ಕಪ್ಪಾಗಿಯೇ ಇದ್ದು, ಬೀಪ್ ಎಂಬ ಸದ್ದು ಮರುಮರಳಿ ಕೇಳಿಸಿದರೆ ವಿದ್ಯುತ್ತು ಬಂದಿದೆ, ಬಯೋಸ್ ಎದ್ದಿದೆ, ಯಾವುದೋ ಭಾಗ ಪರೀಕ್ಷೆಯಲ್ಲಿ ಸೋತಿದೆ ಎಂದು ಅರ್ಥ. ಹಳೆಯ ಯಂತ್ರಗಳಲ್ಲಿ ಅದು ಅನೇಕ ವೇಳೆ ರ‍್ಯಾಮ್. ವೈರನ್ನು ಕಿತ್ತು, ಪಟ್ಟಿಯನ್ನು ಹೊರತೆಗೆದು, ಅದರ ಅಂಚಿನ ಲೋಹದ ಗೆರೆಗಳನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂಡಿಸಿದರೆ ಯಂತ್ರ ಎದ್ದು ಕೂಡುವುದುಂಟು. ಬೀಪುಗಳ ಎಣಿಕೆಯ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾದುದರಿಂದ ಫಲಕದ ಕೈಪಿಡಿಯನ್ನು ನೋಡುವುದು ಒಳಿತು.

ಪರದೆಯ ಮೇಲೆ ಅಕ್ಷರಗಳು ಮೂಡಿ, ದಿನಾಂಕವು ಹತ್ತಾರು ವರ್ಷ ಹಿಂದಕ್ಕೆ ಸರಿದಿದ್ದರೆ, ಫಲಕದ ಮೇಲಿನ ನಾಣ್ಯದಂತಹ ಸೆಲ್ಲನ್ನು ಗಮನಿಸಬೇಕು. ೧೯೮೪ರಲ್ಲಿ ಐಬಿಎಂ ಸಂಸ್ಥೆಯ ‘ಎಟಿ’ ಯಂತ್ರದಿಂದ ಇಂತಹ ಬ್ಯಾಟರಿಯ ಬಳಕೆ ರೂಢಿಗೆ ಬಂದಿತು. ಇಂದು ಸಾಮಾನ್ಯವಾಗಿರುವುದು ೩ ವೋಲ್ಟಿನ, ೨೦ ಮಿಲಿಮೀಟರ್ ಅಗಲದ ಸೆಲ್. ಅದು ಬರಿದಾದರೆ ಯಂತ್ರವು ವೇಳೆಯನ್ನಲ್ಲದೆ, ಯಾವ ಡಿಸ್ಕನ್ನು ಮೊದಲು ಓದಬೇಕೆಂಬುದನ್ನೂ ಮರೆಯಬಹುದು. ಆದರೆ ಡಿಸ್ಕಿನಿಂದಲೇ ಟಕಟಕ ಸದ್ದು ಬರುತ್ತಿದ್ದರೆ ಪದೇ ಪದೇ ಚಾಲೂ ಮಾಡಬಾರದು. ಬಿಡಿಭಾಗ ಪೇಟೆಯಲ್ಲಿ ದೊರೆತೀತು. ಅಳಿದ ಬರಹ ದೊರೆಯದು.

ಬಿಸಿಲು ಮತ್ತು ಧೂಳು

ಬೇಸಿಗೆಯಲ್ಲಿ ೪೦ ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಜಿಲ್ಲೆಯಲ್ಲಿ ಮುಪ್ಪು ಬೇಗ ಬರುವುದು ಫಲಕದ ಮೇಲಿನ ಚಿಕ್ಕ ಡಬ್ಬಿಗಳಿಗೆ. ಇವು ಕೆಪಾಸಿಟರ್ ಎಂಬ ವಿದ್ಯುದ್ಧಾರಕಗಳು. ಇವುಗಳೊಳಗಿನ ದ್ರವವು ಶಾಖದಿಂದ ಮೆಲ್ಲಗೆ ಆರುತ್ತದೆ. ಉಷ್ಣತೆಯು ೧೦ ಡಿಗ್ರಿ ಏರಿದಂತೆಲ್ಲ ಆಯುಷ್ಯವು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ೧೦೫ ಡಿಗ್ರಿಯಲ್ಲಿ ೨,೦೦೦ ಗಂಟೆ ಬಾಳುವ ಧಾರಕವು ಈ ಲೆಕ್ಕದಂತೆ ೫೫ ಡಿಗ್ರಿಯಲ್ಲಿ ೬೪,೦೦೦ ಗಂಟೆ ಬಾಳಿದರೆ, ೬೫ ಡಿಗ್ರಿಯಲ್ಲಿ ೩೨,೦೦೦ ಗಂಟೆ ಮಾತ್ರ ಬಾಳುವುದು. ಡಬ್ಬಿಯ ನೆತ್ತಿ ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಅದರ ಕಾಲ ಮುಗಿಯಿತೆಂದು ತಿಳಿಯಬೇಕು. ಇನ್ನು ಎರೆಯ ಧೂಳೂ ಹತ್ತಿಯ ಎಳೆಯೂ ಪ್ರೊಸೆಸರಿನ ಮೇಲಿನ ಫ್ಯಾನಿಗೆ ಸುತ್ತಿಕೊಂಡರೆ ಗಾಳಿ ಆಡದು. ಆಗ ಯಂತ್ರವು ಎದ್ದು, ಕಾವೇರಿದೊಡನೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಇದಕ್ಕೆ ಮೆತ್ತನೆಯ ಒಣ ಕುಂಚವೇ ಮದ್ದು.

ಎರಡು ಎಚ್ಚರಿಕೆಗಳು

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ವಿದ್ಯಾರ್ಥಿಗಳು ಎಂದಿಗೂ ಬಿಚ್ಚಬಾರದು. ೨೩೦ ವೋಲ್ಟುಗಳ ಪರ್ಯಾಯ ವಿದ್ಯುತ್ತು ಅಲ್ಲಿ ಸುಮಾರು ೩೨೫ ವೋಲ್ಟುಗಳ ನೇರ ವಿದ್ಯುತ್ತಾಗಿ ಧಾರಕಗಳಲ್ಲಿ ನಿಲ್ಲುತ್ತದೆ. ವೈರನ್ನು ಕಿತ್ತ ಮೇಲೂ ಪ್ರಾಣಕ್ಕೆ ಅಪಾಯವಾದೀತು. ಫಲಕವನ್ನು ಮುಟ್ಟುವ ಮುನ್ನ ಯಂತ್ರದ ಲೋಹದ ಹೊರಕವಚವನ್ನು ಮುಟ್ಟುವುದೂ ಅವಶ್ಯ. ಒಣ ಹವೆಯಲ್ಲಿ ಮೈಮೇಲೆ ಕೂಡಿದ ಸ್ಥಾಯೀ ವಿದ್ಯುತ್ತು ಚಿಪ್ಪುಗಳನ್ನು ಸುಡಬಲ್ಲುದು.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಕೂಡಿಯೇ ಬದಲಿಸಿದರೆ ಯಂತ್ರ ಎದ್ದರೂ ಯಾವುದರಿಂದ ಎದ್ದಿತೆಂದು ತಿಳಿಯದು. ಪ್ರಯೋಗಶಾಲೆಯ ನಿಯಮವೂ ಇದೇ. ಎಲ್ಲ ಪರೀಕ್ಷೆಗಳ ಬಳಿಕವೂ ಯಂತ್ರ ಏಳದಿದ್ದರೆ ಅದನ್ನು ಗುಜರಿಗೆ ಹಾಕಬಾರದು, ಸುಡಲೂಬಾರದು. ಹಳೆಯ ಫಲಕಗಳ ಬೆಸುಗೆಯಲ್ಲಿ ಸೀಸವಿದೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆದಾರರನ್ನು ಸೇರತಕ್ಕದ್ದು. ಆದರೆ ಆ ತೀರ್ಪನ್ನು ಕೊಡುವ ಮೊದಲು, ತೂಬಿನಿಂದ ಕೊನೆಯವರೆಗೆ ಒಮ್ಮೆ ನಡೆದು ನೋಡಿರಬೇಕು.