ನಗಿಸುವ ಸರದಿ ಅವನದು

ಬೋನಾಳದ ಜಾತ್ರೆ ನಾಟಕವೆಂದರೆ ರಾತ್ರಿ ಪೇಟಿ ಮಾಸ್ತರರು ಸುರು ಹಚ್ಚಿದ್ದು ಮುಗಿಯುವಾಗ ಮೂಡಣ ಕೆಂಪಾಗಿರಬೇಕು. ನಡುರಾತ್ರಿ ಜನ ತೂಕಡಿಸುವ ಹೊತ್ತಿಗೆ ಹಾಸ್ಯದ ಪಾತ್ರ ಬರುತ್ತದೆ. ನಾನು ಚಿಕ್ಕವನಿದ್ದಾಗ ಆ ಪಾತ್ರ ಹೆಚ್ಚಾಗಿ ಕುಂಟನದು, ತೊದಲನದು, ಇಲ್ಲವೇ ಕಿವುಡನದು. ಮಾಡುವವನ ಕೈಕಾಲು ಮಾತ್ರ ಗಟ್ಟಿ. ಒಂದು ಕಾಲೆಳೆಯುತ್ತ ಬಂದನೆಂದರೆ, ಬಾಯಿ ತೆರೆಯುವ ಮೊದಲೇ ಸಿಳ್ಳೆ.

ನನ್ನ ಪಕ್ಕ ಅದೇ ಚಾಪೆಯ ಮೇಲೆ, ಪೋಲಿಯೊದಿಂದ ಎಡಗಾಲು ಸಣ್ಣಗಾಗಿದ್ದ ಗೆಳೆಯ ಕೂತಿರುತ್ತಿದ್ದ. ಅವನೂ ನಗುತ್ತಿದ್ದ, ಎಲ್ಲರಿಗಿಂತ ತುಸು ತಡವಾಗಿ. ಮರುದಿನ ಕೆರೆ ಏರಿಯ ಮೇಲೆ ಅವನ ಆಟ. ಬಸ್ಸಿನ ಕಂಡಕ್ಟರ್, ಸಾಲಿ ಮಾಸ್ತರ, ಬಡ್ಡಿ ಕೇಳಲು ಬಂದ ಸಾಹುಕಾರ, ಬಾಗಿಲ ಹಿಂದೆ ಅಡಗಿದ ಸಾಲಗಾರ, ಎಲ್ಲರನ್ನೂ ಒಬ್ಬನೇ ಮಾಡಿ ತೋರಿಸುತ್ತಿದ್ದ. ಸಾಹುಕಾರನಿಗೆ ಗಂಟಲು ದಪ್ಪ, ಸಾಲಗಾರನಿಗೆ ಬರೀ ಕೆಮ್ಮು. ನಡುವೆ ನೀರಹಕ್ಕಿ ಕೂಗಿದರೆ ಅದನ್ನೂ ಮಾತಿಗೆ ಎಳೆದುಕೊಳ್ಳುತ್ತಿದ್ದ. ಸುರಪುರದ ನಾಯಕ ಅರಸರು ಕಟ್ಟಿಸಿದ, ಈಗ ಪಕ್ಷಿಧಾಮವಾಗಿರುವ ಆ ಕೆರೆಯ ಏರಿಯೇ ಅವನ ರಂಗ. ಊರ ನಾಟಕದಲ್ಲಿ ಅವನಿಗೆ ಯಾರೂ ಪಾತ್ರ ಕೊಡಲಿಲ್ಲ. ಕುಂಟನ ಪಾತ್ರವನ್ನೂ ಕೊಡಲಿಲ್ಲ.

ಬೆಂಗಳೂರಿನ ಸಂದೀಪ್ ರಾವ್ ಬಗ್ಗೆ ತಿಳಿದಾಗ ನನಗೆ ಮೊದಲು ನೆನಪಾದದ್ದು ಅವನೇ. ಸಂದೀಪ್‌ಗೆ ಎಳವೆಯಲ್ಲೇ ಕಣ್ಣಿನ ಅಕ್ಷಿಪಟಲದ ತೊಂದರೆಯಿಂದ ದೃಷ್ಟಿಯ ಬಹುಪಾಲು ಹೋಯಿತು. ಈ ಕಾಯಿಲೆಯಲ್ಲಿ ನೋಟದ ನಡುಭಾಗವೇ ಮಸುಕಾಗುತ್ತದೆ, ಅಂಚಿನಲ್ಲಿ ಅಷ್ಟಿಷ್ಟು ಉಳಿಯುತ್ತದೆ. ಎದುರಿಗಿರುವ ಮುಖವನ್ನು ನೇರ ನೋಡಿದರೆ ಆ ಮುಖವೇ ಕಾಣದು. ಇಂಥ ಕಣ್ಣಿಟ್ಟುಕೊಂಡು ಅವರು ಸ್ಟ್ಯಾಂಡ್‌ಅಪ್ ಕಾಮಿಡಿಗೆ ಇಳಿದರು. ತಮ್ಮ ಕುರುಡುತನವನ್ನೇ ವಸ್ತುವಾಗಿಸಿಕೊಂಡು ‘ಔಟ್ ಆಫ್ ಸೈಟ್’ ಎಂಬ ಏಕವ್ಯಕ್ತಿ ಪ್ರದರ್ಶನ ಕಟ್ಟಿದರು. ಅವರು ಆಡುವುದು ಇಂಗ್ಲಿಷಿನಲ್ಲಿ. ಆದರೆ ಒಬ್ಬರೇ ನಿಂತು ನಗಿಸುವ ಈ ಕೆಲಸ ನಮ್ಮವರಿಗೆ ಹೊಸದಲ್ಲ. ಗಂಗಾವತಿ ಪ್ರಾಣೇಶರು ಒಂದು ಮೈಕ್ ಹಿಡಿದು ನಿಂತರೆ ನಮ್ಮ ಕಡೆಯ ಜನ ಕೂತಲ್ಲಿಂದ ಏಳುವುದಿಲ್ಲ. ಸೀನರಿ ಇಲ್ಲ, ಜೊತೆಗಾರನಿಲ್ಲ, ಪರದೆ ಹಿಂದಿನಿಂದ ಮಾತು ಎತ್ತಿಕೊಡುವವರಿಲ್ಲ. ನಗು ಬರದಿದ್ದರೆ ಆ ಮೌನವನ್ನೂ ಒಬ್ಬನೇ ಹೊರಬೇಕು.

ನಮ್ಮ ನಾಟಕದ ಕುಂಟನಿಗೂ ಸಂದೀಪ್ ಅವರಿಗೂ ಇರುವ ಅಂತರವನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಗುರುತಿಸಿತು. ‘ಆಂಖ್ ಮಿಚೋಲಿ’ ಹಿಂದಿ ಚಿತ್ರ ಅಂಗವಿಕಲರನ್ನು ಹೀಯಾಳಿಸಿದೆಯೆಂದು ನಿಪುಣ್ ಮಲ್ಹೋತ್ರಾ ಹೂಡಿದ್ದ ಪ್ರಕರಣ ಅದು. ವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ವಿಕಲಚೇತನರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಹೇಳಿತು. ನಮ್ಮ ಚಾಪೆಯ ಮೇಲೆ ಕೂತವನಿಗೆ ಇದು ಕೋರ್ಟಿಗಿಂತ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಅವನ ನಗು ತಡವಾಗುತ್ತಿದ್ದುದು ಸುಮ್ಮನೆ ಅಲ್ಲ.

ಹಾಗೆ ನೋಡಿದರೆ ಕನ್ನಡಿಗರಿಗೆ ದೊಡ್ಡ ಉದಾಹರಣೆ ಮನೆಯಲ್ಲೇ ಇತ್ತು. ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನ ನಟರ ತುಟಿ ಆಡುವುದನ್ನು ನೋಡಿಯೇ ತಮ್ಮ ಮಾತಿನ ಹೊತ್ತು ಹಿಡಿಯುತ್ತಿದ್ದರು. ಹಾಸ್ಯ ನಿಂತಿರುವುದೇ ಹೊತ್ತಿನ ಮೇಲೆ. ಅರೆಗಳಿಗೆ ತಪ್ಪಿದರೆ ನಗು ಸತ್ತಿತು. ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ನೋಡಿ ಈ ಮನುಷ್ಯನಿಗೆ ಕಿವಿ ಕೇಳದು ಎಂದು ಯಾರಾದರೂ ಹೇಳಿಯಾರೇ? ನೂರಾರು ಚಿತ್ರಗಳಲ್ಲಿ ಅವರು ನಗಿಸಿದರು, ಕೇಡಿಯಾಗಿ ಹೆದರಿಸಿದರು, ಅಭಿಮಾನ್ ಸ್ಟುಡಿಯೊ ಕಟ್ಟಿದರು. 1995ರಲ್ಲಿ ತೀರಿಕೊಂಡರು.

ಮಾತೇ ಬಾರದವನೂ ಮಾತಿನ ಹಾಸ್ಯ ಮಾಡಬಲ್ಲನೇ? ಸೆರೆಬ್ರಲ್ ಪಾಲ್ಸಿಯಿಂದ ಮಾತಾಡಲಾಗದ ಲೀ ರಿಡ್ಲಿ, ಯಂತ್ರದ ದನಿಯಲ್ಲೇ ನಗಿಸಿ 2018ರಲ್ಲಿ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಗೆದ್ದರು. ಮುಂಬೈಯ ನಿಧಿ ಗೋಯಲ್‌ಗೆ ಕಣ್ಣು ಕಾಣದು. ಅವರೂ ಮೈಕ್ ಹಿಡಿದು ಒಬ್ಬರೇ ನಿಲ್ಲುತ್ತಾರೆ.

ನಮ್ಮೂರಲ್ಲಿ ಯಾಕಾಗದು ಎಂದು ಕೇಳಿದಾಗ ಒಬ್ಬ ಹಿರಿಯರು, ‘ಪಾಪ, ಸ್ಟೇಜ್ ಹ್ಯಾಂಗ ಹತ್ತತಾನೋ’ ಅಂದರು. ಅವರ ಮಾತಿನಲ್ಲಿ ಕರುಣೆಯೇ ಇತ್ತು. ಆದರೆ ಒಂದು ವರ್ಷದ ನಾಟಕದಲ್ಲಿ ಹೀರೊ ಬುಲೆಟ್ ಗಾಡಿಯ ಮೇಲೆ ಬರಬೇಕಿತ್ತು. ರಂಗದ ಎತ್ತರ ಆಳೆದೆಯಷ್ಟು. ಹುಡುಗರು ಟ್ರ್ಯಾಕ್ಟರಿಗೆ ಎಮ್ಮೆ ಹತ್ತಿಸುವ ಎರಡು ಉದ್ದನೆಯ ಹಲಗೆ ತಂದು ಓರೆಯಾಗಿ ಇಟ್ಟರು, ಜಾರದಂತೆ ಮೇಲೆ ಗೋಣಿತಟ್ಟು ಹಾಸಿದರು, ಕೆಳಗೆ ಕಲ್ಲು ಕೊಟ್ಟರು. ಗಾಡಿ ಸಲೀಸಾಗಿ ಹತ್ತಿತು.

ಗೆಳೆಯ ಈಗ ಮೂರು ಗಾಲಿಯ ಸ್ಕೂಟರ್ ಓಡಿಸುತ್ತಾನೆ. ಹೋದ ವಾರ ಸಿಕ್ಕಿದ್ದ. ಸಾಹುಕಾರನ ಗಂಟಲು ಈಗಲೂ ಅವನಲ್ಲಿ ಹಾಗೇ ಇದೆ. ಈ ಜಾತ್ರೆಗೆ ಅರ್ಧ ತಾಸು ಅವನಿಗೆ ಬಿಟ್ಟುಕೊಡಲು ನಾಟಕದ ಹುಡುಗರನ್ನು ಕೇಳಿದ್ದೇನೆ. ಹಲಗೆ ಯಾರ ಮನೆಯಲ್ಲಿವೆ ಎಂದೂ ವಿಚಾರಿಸಿದ್ದೇನೆ.