ಯಾರದ್ದೋ ನಾಣ್ಯ, ನಮ್ಮ ಮನೆಯ ಶೋಕೇಸಿನಲ್ಲಿ

ಕಳೆದ ರಜೆಯಲ್ಲಿ ಜರ್ಮನಿಯಿಂದ ಊರಿಗೆ ಬಂದ ನನ್ನ ಅಕ್ಕನ ಮಗ ಚಾಕಲೇಟು, ಸೆಂಟು ಎಲ್ಲ ಹಂಚಿ ಮುಗಿಸಿದ ಮೇಲೆ ಬ್ಯಾಗಿನ ಒಳಜೇಬಿನಿಂದ ಒಂದು ನಾಣ್ಯ ತೆಗೆದು ಮೇಜಿನ ಮೇಲಿಟ್ಟ. ನಮ್ಮ ಹತ್ತು ರೂಪಾಯಿಯ ನಾಣ್ಯಕ್ಕಿಂತ ದೊಡ್ಡದು, ದಪ್ಪ. ಒಂದು ಬದಿಯಲ್ಲಿ ನೀಲಿ ಬಣ್ಣ ತುಂಬಿದ ಹಡಗು, ಇನ್ನೊಂದು ಬದಿಯಲ್ಲಿ ದಿಕ್ಸೂಚಿ, ಕೆಳಗೆ ಸಣ್ಣದಾಗಿ ಆರು ಅಕ್ಷರಗಳ ಒಂದು ಗುರುತು.

"ಇದು ಯಾವ ದೇಶದ್ದು? ಎಷ್ಟು ಬೆಲೆ?" ಕೇಳಿದೆ.

"ಯಾವ ದೇಶದ್ದೂ ಅಲ್ಲ ಮಾಮ. ಅಂಗಡಿಯಲ್ಲಿ ನಡೆಯುವುದಿಲ್ಲ. ಮತ್ತೆ ಇದು ನನ್ನದೂ ಅಲ್ಲ. ಯಾರದ್ದೋ. ಅವರ ಮುಖ ಕೂಡ ನಾನು ನೋಡಿಲ್ಲ" ಎಂದ.

ಕಾಡಿನಲ್ಲಿ ಒಂದು ಮರದ ಬುಡದಲ್ಲಿದ್ದ ಡಬ್ಬಿಯಿಂದ ತಂದನಂತೆ. ನನಗೆ ತಲೆ ತಿರುಗಿತು. ಹುಡುಗ ಎಂತದಾದರೂ ಎಡವಟ್ಟು ಮಾಡಿಕೊಂಡಿದ್ದಾನಾ ಅಂತ ಸಂಶಯ. ಆಮೇಲೆ ಚಾ ಕುಡಿಯುತ್ತಾ ಅವನು ವಿವರಿಸಿದ ಸಂಗತಿಯೇ ಜಿಯೋಕ್ಯಾಶಿಂಗ್.

ಇದರ ಹುಟ್ಟಿಗೆ ದಿನಾಂಕ ಸಮೇತ ಲೆಕ್ಕ ಉಂಟು. ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಯವು. ಜನಸಾಮಾನ್ಯರ ಯಂತ್ರಗಳಿಗೆ ಜಾಗ ಸರಿಯಾಗಿ ಗೊತ್ತಾಗಬಾರದೆಂದು ಅವರು ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿದ್ದರು. ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ನೂರು ಮೀಟರೆಂದರೆ ಮನೆ ಹುಡುಕಿ ಹೋದವ ಪಕ್ಕದ ಓಣಿಗೆ ಮುಟ್ಟಿದ ಹಾಗೆ. ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ, 2000ದ ಮೇ 2ರಂದು, ಆ ಕೆಡಿಸುವ ಕೆಲಸ ನಿಲ್ಲಿಸಿದರು. ಮಾರನೇ ದಿನವೇ, ಮೇ 3ರಂದು, ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟನ್ನು ಕಾಡಿನಲ್ಲಿ ಅಡಗಿಸಿಟ್ಟರು. ಅದರೊಳಗೆ ಪುಸ್ತಕ, ಕಂಪ್ಯೂಟರ್ ಸಾಫ್ಟ್‌ವೇರ್, ಒಂದು ಕವಣೆ, ಬೀನ್ಸ್ ತುಂಬಿದ ಒಂದು ಡಬ್ಬಿ, ಹೆಸರು ಬರೆಯಲಿಕ್ಕೆ ಪುಸ್ತಕ ಮತ್ತು ಪೆನ್ಸಿಲ್. ಜಾಗದ ಅಕ್ಷಾಂಶ, ರೇಖಾಂಶ ಇಂಟರ್‌ನೆಟ್ಟಿಗೆ ಹಾಕಿ, ಏನಾದರೂ ತೆಗೆದುಕೊಳ್ಳಿ, ಏನಾದರೂ ಇಟ್ಟು ಹೋಗಿ ಎಂದರು. ಕೆಲವೇ ದಿನದಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಹುಡುಕಿದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಎಂಬವರು ಜಿಯೋಕ್ಯಾಶಿಂಗ್ ಎಂಬ ಹೆಸರು ಕೊಟ್ಟರು. ಸೆಪ್ಟೆಂಬರಿನಲ್ಲಿ ಸಿಯಾಟಲ್‌ನ ಜೆರೆಮಿ ಐರಿಶ್ ವೆಬ್‌ಸೈಟ್ ಶುರು ಮಾಡುವಾಗ ಇಡೀ ಲೋಕದಲ್ಲಿ ಗೊತ್ತಿದ್ದದ್ದು 75 ಡಬ್ಬಿ ಮಾತ್ರ. ಈಗ 30 ಲಕ್ಷಕ್ಕೂ ಮೇಲೆ. 2008ರಲ್ಲಿ ಅಂತರಿಕ್ಷ ನಿಲ್ದಾಣದಲ್ಲೂ ಒಂದು ಇಟ್ಟು ಬಂದಿದ್ದಾರೆ ಮಾರಾಯ್ರೆ!

ಡಬ್ಬಿ ಎಂದರೆ ಹಳೇ ಫಿಲ್ಮ್ ರೋಲಿನ ಕರಡಿಗೆಯಿಂದ ಹಿಡಿದು ಸೇನೆಯವರು ಮದ್ದುಗುಂಡು ತುಂಬಿಡುತ್ತಿದ್ದ ಕಬ್ಬಿಣದ ಪೆಟ್ಟಿಗೆಯವರೆಗೆ ಯಾವುದೂ ಆಗಬಹುದು. ತಿನ್ನುವ ವಸ್ತು ಇಡಬಾರದು, ಪ್ರಾಣಿಗಳು ಬಂದು ಕಿತ್ತು ಹಾಕುತ್ತವೆ. ಉಲ್ಮರ್ ಇಟ್ಟ ಬೀನ್ಸ್ ಈಗಿನ ನಿಯಮದಲ್ಲಿ ಪಾಸಾಗುತ್ತಿರಲಿಲ್ಲ.

ಸರಿ, ನಾಣ್ಯ ಎಲ್ಲಿಂದ ಬಂತು? ಇದಕ್ಕೆ ಜಿಯೋಕಾಯಿನ್ ಎನ್ನುತ್ತಾರೆ. 2001ರಲ್ಲಿ ಜಾನ್ ಸ್ಟಾನ್ಲಿ ಎಂಬ ಅಮೆರಿಕದ ಹವ್ಯಾಸಿ ಮೊದಲ ಬಾರಿ ಇಂಥ ನಾಣ್ಯ ಮಾಡಿಸಿದರು. ಪ್ರತಿಯೊಂದು ನಾಣ್ಯಕ್ಕೂ ಅದರದ್ದೇ ಗುರುತು ಸಂಖ್ಯೆ. ಡಬ್ಬಿಯಲ್ಲಿ ಸಿಕ್ಕಿದವ ಆ ಸಂಖ್ಯೆ ಹಾಕಿ "ನನ್ನ ಹತ್ತಿರ ಉಂಟು" ಎಂದು ಬರೆಯಬೇಕು, ಮುಂದಿನ ಡಬ್ಬಿಯಲ್ಲಿ ಇಟ್ಟು "ಇಂಥ ಕಡೆ ಇಟ್ಟೆ" ಎಂದು ಬರೆಯಬೇಕು. ಯಜಮಾನ ಮನೆಯಲ್ಲೇ ಕೂತು ತನ್ನ ನಾಣ್ಯ ಎಷ್ಟು ದೂರ ಹೋಯಿತು ಎಂದು ನೋಡುತ್ತಾನೆ. ಡಬ್ಬಿಯೊಳಗಿನ ಆಟದ ಸಾಮಾನಿಗೆ ಬದಲು ಸಾಮಾನು ಇಟ್ಟರೆ ಅದು ನಿಮ್ಮದಾಯಿತು. ನಾಣ್ಯ ಹಾಗಲ್ಲ. ಬದಲು ಏನೂ ಇಡಬೇಕಾಗಿಲ್ಲ, ಆದರೆ ಅದು ಎಂದಿಗೂ ನಿಮ್ಮದಾಗುವುದಿಲ್ಲ. ಕೈಯಿಂದ ಕೈಗೆ ದಾಟಿಸುವುದಷ್ಟೇ.

ನಮ್ಮ ಅಳಿಯ ತಂದ ನಾಣ್ಯ ಜರ್ಮನಿಯಲ್ಲಿ ಹೊರಟು ಜೆಕ್ ದೇಶ, ಪೋರ್ಚುಗಲ್ ಎಲ್ಲ ಸುತ್ತಿ ಮತ್ತೆ ಜರ್ಮನಿಗೆ ಬಂದದ್ದು. ಯಜಮಾನ ಅದರ ಪುಟದಲ್ಲಿ ಒಂದು ಆಸೆ ಬರೆದಿದ್ದರಂತೆ: ಬಿಸಿಲಿನ ದೇಶದ ಸಮುದ್ರವನ್ನು ಅದು ನೋಡಬೇಕು. ಹಾಗೆ ಅದು ನಮ್ಮ ಶೋಕೇಸಿಗೆ ಬಂತು.

ಮೂರನೇ ದಿನ ನಾಣ್ಯ ಇಲ್ಲ.

ಮನೆಯೆಲ್ಲ ಜಾಲಾಡಿದೆವು. ಸೋಫಾ ಎತ್ತಿದ್ದಾಯಿತು, ಕಸದ ಬುಟ್ಟಿ ಕವುಚಿದ್ದಾಯಿತು. ಅಳಿಯನ ಮುಖ ಬಾಡಿತ್ತು. "ಹೊಸದು ಮಾಡಿಸಿ ಕೊಡುವ" ಎಂದೆ. "ಆಗುವುದಿಲ್ಲ ಮಾಮ, ಆ ಸಂಖ್ಯೆಯದ್ದು ಲೋಕದಲ್ಲಿ ಒಂದೇ" ಎಂದ. ಮದ್ರಸದಲ್ಲಿ ಮಕ್ಕಳಿಗೆ ಅಮಾನತ್ತಿನ ಪಾಠ ಹೇಳುವವನ ಮನೆಯಲ್ಲೇ ಅಮಾನತ್ತು ಕಾಣೆ! ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮುಖ ಗೊತ್ತಿಲ್ಲದ ಯಾರೋ ಒಬ್ಬರು ಅಷ್ಟು ದೂರದಲ್ಲಿ ಕಂಪ್ಯೂಟರ್ ಮುಂದೆ ಕೂತು ಕಾಯುತ್ತಿರುವ ಹಾಗೆ ಕಾಣುತ್ತಿತ್ತು.

ಬೆಳಿಗ್ಗೆ ಗೂಡಂಗಡಿಯ ಕಾಕ ಕರೆದರು. "ಉಸ್ತಾದೇ, ನಿಮ್ಮ ಸಣ್ಣ ಮಗ ಮೊನ್ನೆ ಈ ದೊಡ್ಡ ಪಾವಲಿ ಕೊಟ್ಟು ಮಿಠಾಯಿ ಕೇಳಿದ. ಕೊಟ್ಟೆ. ಇದು ಎಂತದ್ದು ಅಂತ ಗೊತ್ತಾಗಲಿಲ್ಲ, ತೆಗೆದಿಟ್ಟಿದ್ದೇನೆ" ಎಂದರು. ಮಿಠಾಯಿಯ ಹಣ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಹೀಗೆ ಕಳೆದುಹೋಗುವುದೇ ಈ ಹವ್ಯಾಸದ ದೊಡ್ಡ ನೋವು. ನಾಣ್ಯ ಚೆಂದ ಇದ್ದಷ್ಟೂ ಅದಕ್ಕೆ ಅಪಾಯ ಜಾಸ್ತಿ. ಕೆಲವರು ಆಟ ಗೊತ್ತಿಲ್ಲದೆ ಒಯ್ಯುತ್ತಾರೆ, ಕೆಲವರು ಗೊತ್ತಿದ್ದೇ ಕಿಸೆಗೆ ಹಾಕುತ್ತಾರೆ, ಇನ್ನು ಕೆಲವರ ಡ್ರಾಯರಿನಲ್ಲಿ ಮರೆತು ಹೋಗಿರುತ್ತದೆ. ಅದಕ್ಕೇ ಈಗ ಬಹಳ ಮಂದಿ ಅಸಲು ನಾಣ್ಯ ಮನೆಯಲ್ಲಿಟ್ಟು, ಸಂಖ್ಯೆ ಬರೆದ ಲ್ಯಾಮಿನೇಟ್ ಮಾಡಿದ ಕಾಗದವನ್ನು ಮಾತ್ರ ಊರು ಸುತ್ತಲಿಕ್ಕೆ ಬಿಡುತ್ತಾರೆ. ತಪ್ಪೆನ್ನಲಾರೆ. ಆದರೆ ಕಾಗದ ಸುತ್ತಿದರೆ ಎಂತ ಖುಷಿ ಎಂದು ನನಗೆ ಅನಿಸಿತು.

ಡಬ್ಬಿಗೆ ಬಿಡದೆ ಸಂಗ್ರಹಕ್ಕೆಂದೇ ವಿನಿಮಯ ಮಾಡುವವರೂ ಇದ್ದಾರೆ. ಇವರಲ್ಲಿ ಹಣದ ಮಾತು ಕಡಿಮೆ, ನಾಣ್ಯಕ್ಕೆ ನಾಣ್ಯ. ತಮ್ಮ ಅಡ್ಡಹೆಸರು, ಊರಿನ ಚಿತ್ರ ಹಾಕಿ ಸ್ವಂತ ನಾಣ್ಯ ಮಾಡಿಸಿ, ಬೇರೆ ದೇಶದವರ ನಾಣ್ಯಕ್ಕೆ ಬದಲಾಗಿ ಅಂಚೆಯಲ್ಲಿ ಕಳಿಸುತ್ತಾರೆ. ಯಾರು ಮೊದಲು ಕಳಿಸುವುದು? ಅದೇ ಪ್ರಶ್ನೆ. ಸಾಮಾನ್ಯವಾಗಿ ಹೊಸಬ ಮೊದಲು ಕಳಿಸಿ ವಿಶ್ವಾಸ ಗಳಿಸಬೇಕು ಎಂದ ಅಳಿಯ. ಬರೇ ಲಕೋಟೆಯಲ್ಲಿ ಹಾಕಿದರೆ ದಾರಿಯಲ್ಲಿ ಲಕೋಟೆ ಹರಿದು ನಾಣ್ಯ ಜಾರುತ್ತದೆ, ಆದ್ದರಿಂದ ರಟ್ಟಿಗೆ ಅಂಟಿಸಿ ಕಳಿಸಬೇಕು. ಕಸ್ಟಮ್ಸ್ ಚೀಟಿಯಲ್ಲಿ ಒಳಗೆ ಎಂತ ಉಂಟೆಂದು ಸರಿಯಾಗಿ ಬರೆಯಬೇಕು. ಚಿತ್ರ ತೆಗೆದು ತೋರಿಸುವಾಗ ಸಂಖ್ಯೆಯ ಮೇಲೆ ಬೆರಳಿಡಬೇಕು. ಯಾಕೆಂದರೆ ಸಂಖ್ಯೆ ಗೊತ್ತಾದರೆ ಸಾಕು, ನಾಣ್ಯ ಮುಟ್ಟದವನೂ "ನಾನು ನೋಡಿದೆ" ಎಂದು ಬರೆದುಬಿಡಬಹುದು.

"ಇಲ್ಲೂ ಹೋಗಿ ಡಬ್ಬಿ ಹುಡುಕುವನಾ ಮಾಮ?" ಎಂದು ಅಳಿಯ ಕೇಳಿದ. ನಾನು ಬೇಡ ಎಂದೆ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಪೇಟೆಯಲ್ಲಿ ಒಬ್ಬರು ಹೀಗೇ ಡಬ್ಬಿ ಮುಟ್ಟುತ್ತಿದ್ದುದನ್ನು ನೋಡಿದವರು ಬಾಂಬ್ ಇರಬಹುದೆಂದು ಹೆದರಿ ಪೊಲೀಸರಿಗೆ ಹೇಳಿದರು. ಬೀದಿ ಖಾಲಿ ಮಾಡಿಸಿ, ಸೇನೆಯ ತಜ್ಞರು ಬಂದು ಆ ಪ್ಲಾಸ್ಟಿಕ್ ಡಬ್ಬಿಯನ್ನು ಒಡೆದು ಹಾಕಿದರು. ಅಲ್ಲೇ ಹಾಗೆ. ಇಲ್ಲಿ ಗಡ್ಡ, ಟೊಪ್ಪಿಯ ನಾನು ಮೋರಿಯ ಅಡಿಯಲ್ಲಿ ಮೊಬೈಲ್ ಹಿಡಿದು ತಡಕಾಡಿದರೆ ಜನ ಎಂತ ಎಣಿಸಿಯಾರು? ಅಳಿಯ ನಕ್ಕ. ನನಗೆ ನಗು ಬರಲಿಲ್ಲ. ಜರ್ಮನಿಯಲ್ಲಿ ಅವನಿಗೂ ಒಮ್ಮೆ ಒಬ್ಬ ಅಜ್ಜಿ ಬಂದು ಪೊದೆಯಲ್ಲಿ ಎಂತ ಮಾಡುತ್ತಿದ್ದೀ ಎಂದು ಕೇಳಿದ್ದರಂತೆ. ಅವನು ಡಬ್ಬಿಯನ್ನೇ ತೆರೆದು ತೋರಿಸಿದ. ಅಜ್ಜಿ ಪುಸ್ತಕದಲ್ಲಿ ತನ್ನ ಹೆಸರೂ ಬರೆದು ಹೋದರಂತೆ. ಆಟ ಗೊತ್ತಿಲ್ಲದವರಿಗೆ ಇವರ ಭಾಷೆಯಲ್ಲಿ ಮಗಲ್ ಎನ್ನುತ್ತಾರೆ, ಹ್ಯಾರಿ ಪಾಟರ್ ಕತೆಯಿಂದ ಎತ್ತಿಕೊಂಡ ಪದ. ಜಾಗದವರ ಅನುಮತಿ ಕೇಳಿಯೇ ಡಬ್ಬಿ ಇಡಬೇಕೆಂಬ ನಿಯಮ ಉಂಟು. ಪಾಲಿಸಿದರೆ ಎಲ್ಲರಿಗೂ ಒಳ್ಳೆಯದು.

ಕೊನೆಗೆ ಒಂದು ಸಂಜೆ ಎಲ್ಲರೂ ಸೇರಿ ಕಡಲಿಗೆ ಹೋದೆವು. ನಾಣ್ಯವನ್ನು ಮರಳಿನ ಮೇಲಿಟ್ಟು, ಸಂಖ್ಯೆ ಕಾಣದ ಹಾಗೆ, ತೆರೆ ಬರುವಾಗ ಅಳಿಯ ಫೋಟೋ ತೆಗೆದ. ನಾಣ್ಯ ಕೊಚ್ಚಿಹೋಗದ ಹಾಗೆ ನನ್ನ ಮಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಾದ, ಮಿಠಾಯಿಯ ಪ್ರಾಯಶ್ಚಿತ್ತ. ಆ ಫೋಟೋ ಪುಟಕ್ಕೆ ಹಾಕಿದ ಎರಡೇ ಗಂಟೆಯಲ್ಲಿ ಯಜಮಾನರ ಉತ್ತರ ಬಂತು. ಜರ್ಮನ್ ಭಾಷೆಯಲ್ಲಿ ಉದ್ದಕ್ಕೆ ಬರೆದಿದ್ದರು. ಸಮುದ್ರದ ಬಣ್ಣ ಅವರ ನಾಣ್ಯದ ನೀಲಿಯ ಹಾಗೆಯೇ ಉಂಟು ಎಂದಿದ್ದಾರೆ ಎಂದು ಅಳಿಯ ಓದಿ ಹೇಳಿದ.

ಹಿಂದೆ ಹೋಗುವಾಗ ದುಬೈಯಲ್ಲಿ ಅವನಿಗೆ ಒಂದು ದಿನ ಬಿಡುವಿತ್ತು. ಅಲ್ಲಿಯ ಒಂದು ಡಬ್ಬಿಯಲ್ಲಿ ನಾಣ್ಯ ಇಟ್ಟು ಹೋದ. ಹೋದ ವಾರ ಯಾರೋ ಅದನ್ನು ಎತ್ತಿಕೊಂಡಿದ್ದಾರೆ, ಈಗ ಒಮಾನ್‌ನಲ್ಲಿ ಉಂಟಂತೆ. ಅಂಗಡಿಯ ಕಾಕ ನಿನ್ನೆಯೂ ಕೇಳಿದರು: "ಉಸ್ತಾದೇ, ನನ್ನ ಪಾವಲಿ ಎಲ್ಲಿವರೆಗೆ ಮುಟ್ಟಿತು?"